ತವರಿನ ಕಣ್ಣು

ನಮ್ಮ ಅವ್ವನ ತವರಿನವರಿಗೆ ದೊಡ್ಡ ಕಣ್ಣು. ಮಿಡಿಗೇಶಿ ಹತ್ತಿರದ ಆ ಹಟ್ಟಿಯ ಹೆಣ್ಣುಮಕ್ಕಳನ್ನು ಮಧುಗಿರಿ ಸಂತೆಯಲ್ಲಿ ಯಾರು ಬೇಕಾದರೂ ಗುರುತು ಹಿಡಿಯುತ್ತಿದ್ದರು. ಅಜ್ಜಿಗೆ ಹಾಗೇ, ದೊಡ್ಡವ್ವನಿಗೆ ಹಾಗೇ, ಅವ್ವನಿಗೆ ತುಸು ಕಮ್ಮಿ. ಅಜ್ಜಿಯ ಕುತ್ತಿಗೆಯೂ ಊದಿಕೊಂಡಿತ್ತು. ಅದನ್ನೂ ಉಂಡು ಬೆಳೆದ ಮನೆಯ ಲಕ್ಷಣವೆಂದೇ ಎಲ್ಲರೂ ತಿಳಿದಿದ್ದರು. ನಮ್ಮದು ಸಿರಾ ತಾಲ್ಲೂಕು, ಹುಲಿಕುಂಟೆ ಕಡೆ. ಅಲ್ಲಿಗೆ ಸೊಸೆಯಾಗಿ ಬಂದ ಅವ್ವ, ಹೆಂಗಸರ ನಡುವೆ ಮಾತಿಗೆ ಮಾತು ಬೆಳೆದಾಗಲೆಲ್ಲ ತವರಿನ ಕಣ್ಣಿನ ಜಂಬ ಕೊಚ್ಚಿಕೊಳ್ಳುತ್ತಿದ್ದಳು. ನನಗೆ ಬಂದದ್ದು ಅಪ್ಪನ ಸಣ್ಣ ಕಣ್ಣು. ಆ ವಿಷಯದಲ್ಲಿ ನಾನು ಲೆಕ್ಕಕ್ಕಿಲ್ಲದವಳು.

ಅಕ್ಕ ಲೆಕ್ಕಕ್ಕಿದ್ದವಳು. ಅವಳು ತೊಟ್ಟಿಲಲ್ಲಿದ್ದಾಗಲೇ ಅವ್ವನ ಕಿರಿಯ ತಮ್ಮನಿಗೆ, ಅಂದರೆ ನಮ್ಮ ಸೋದರಮಾವನಿಗೆ, ಎಂದು ಮಾತಾಗಿತ್ತು. ಅಕ್ಕನ ಮಗಳನ್ನು ತಮ್ಮ ತರುವುದು ನಮ್ಮಲ್ಲಿ ಪದ್ಧತಿ ಮಾತ್ರವಲ್ಲ, ಹಕ್ಕು. ಅಕ್ಕನಿಗೂ ಅದು ಇಷ್ಟವಿತ್ತು. ಮಾವ ಕುರಿ ಹೊಡೆದುಕೊಂಡು ನಮ್ಮ ಕಡೆ ಬಂದರೆ ಒಳಗೆ ಓಡಿಹೋಗಿ ಬಾಗಿಲ ಸಂದಿಯಲ್ಲಿ ನಿಲ್ಲುತ್ತಿದ್ದಳು. ತಾನು ಹೋದ ಮೇಲೆ ಆ ಮನೆಯ ಒಲೆಯನ್ನು ಎಲ್ಲಿ ಹಾಕಿಸಬೇಕು, ಅಜ್ಜಿಯನ್ನು ಹೇಗೆ ಸಂಭಾಳಿಸಬೇಕು ಎಂದೆಲ್ಲ ನನ್ನ ಹತ್ತಿರ ಹೇಳುತ್ತಿದ್ದಳು. ನಾನು ನಗಾಡುತ್ತಿದ್ದೆ.

ಎಪ್ಪತ್ತರ ದಶಕದ ಕೊನೆ. ಬರುವ ಬೇಸಿಗೆಗೆ ಮದುವೆ ಎಂದು ಮಾತಾಡುತ್ತಿದ್ದ ದಿನಗಳಲ್ಲಿ ಅಕ್ಕನ ನೂಲು ಹರಿಯತೊಡಗಿತು. ನಮ್ಮ ಮನೆಯ ಹೆಂಗಸರು ಕಂಬಳಿಗೆ ಉಣ್ಣೆ ನೂಲುವವರು. ರಾಟೆಯ ಮುಂದೆ ಅಕ್ಕನ ಕೈಯಷ್ಟು ಹದವಾದ ಕೈ ಇರಲಿಲ್ಲ. ಆ ಕೈ ನಡುಗಲು ಶುರುವಾಯಿತು. ಹೊಟ್ಟೆ ತುಂಬ ಮುದ್ದೆ ಉಂಡರೂ ಮೈ ಇಳಿಯಿತು. ಸುಮ್ಮನೆ ಕೂತರೂ ಎದೆ ಬಡಿದುಕೊಳ್ಳುತ್ತದೆ ಅನ್ನುತ್ತಿದ್ದಳು. ಚಳಿಗಾಲದಲ್ಲೂ ಸೆಕೆ ಎಂದು ಕಂಬಳಿ ಒದೆಯುತ್ತಿದ್ದಳು. ಕಣ್ಣು ಮಾತ್ರ ದೊಡ್ಡದಾಗುತ್ತಾ ಹೋಯಿತು. ಅವ್ವನಿಗೆ ಹಿಗ್ಗು. ಮದುವೆ ಕಳೆ ಬಂತು, ತವರಿನ ಕಣ್ಣು ಈಗ ಪೂರ್ತಿ ಬಂತು ಎಂದು ಬಂದವರಿಗೆಲ್ಲ ಹೇಳಿದಳು. ರೆಪ್ಪೆ ಕೆಂಪಾಗಿ ಊದಿ, ನಿದ್ದೆಯಲ್ಲೂ ಕಣ್ಣು ಮುಚ್ಚದಂತಾಗಿ, ಒಂದು ಕುರಿ ಎರಡಾಗಿ ಕಾಣತೊಡಗಿದ ಮೇಲೆ ಅಪ್ಪ ಅವಳನ್ನು ಸಿರಾಕ್ಕೆ ಕರೆದುಕೊಂಡು ಹೋದ. ಅವ್ವನ ಜೊತೆ ನಾನೂ ಹೋದೆ.

ಡಾಕ್ಟರು ಕುತ್ತಿಗೆ ಮುಟ್ಟಿ ನೋಡಿ, ಮನೆಯಲ್ಲಿ ಇನ್ನು ಯಾರಿಗಾದರೂ ಇಂಥ ಕಣ್ಣಿದೆಯೇ ಎಂದು ಕೇಳಿದರು. ಅವ್ವ ಸೆರಗು ಸರಿಮಾಡಿಕೊಂಡು, ಬೀಗರ ಮುಂದೆ ಮನೆತನ ಹೇಳುವವಳ ಹಾಗೆ, ತನ್ನ ಅವ್ವ, ತನ್ನಕ್ಕ, ತಾನು ಎಂದು ಒಪ್ಪಿಸಿದಳು. ಇದು ಚೆಲುವಲ್ಲ, ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಕಾಯಿಲೆ ಎಂದರು ಅವರು. ಕೆಲವು ಮನೆತನಗಳಲ್ಲಿ ರಕ್ತದಲ್ಲಿ ಇಳಿದು ಬರುತ್ತದೆ, ಹೆಂಗಸರಿಗೆ ಹೆಚ್ಚು, ಹಾಗೆಂದು ಎಲ್ಲರಿಗೂ ಬರಲೇಬೇಕೆಂದಿಲ್ಲ. ಮಾತ್ರೆಯಿಂದ ನಡುಕ, ಎದೆಬಡಿತ ಹತೋಟಿಗೆ ಬರುತ್ತದೆ. ಕಣ್ಣು ಮೊದಲಿನಂತಾಗುತ್ತದೆಂದು ಹೇಳಲಾಗದು. ಬೀಡಿ ಹೊಗೆ ಇಂಥ ಕಣ್ಣಿಗೆ ಆಗದು ಎಂದು ಅಪ್ಪನ ಜೇಬಿನ ಕಡೆ ನೋಡಿದರು. ಅಪ್ಪ ಜೇಬಿನ ಮೇಲೆ ಕೈಯಿಟ್ಟುಕೊಂಡ. ಅವ್ವನ ಕಿವಿಗೆ ಬಿದ್ದದ್ದು ರಕ್ತ ಎಂಬ ಒಂದೇ ಮಾತು.

ವಾಪಸು ಬರುವ ಬಸ್ಸಿನಲ್ಲಿ ಅವಳು ಸೆರಗನ್ನು ಹಣೆಯಿಂದ ಕೆಳಗೆಳೆದುಕೊಂಡು ಕೂತಳು. ಅಲ್ಲಿಂದ ಮುಂದೆ ಅವಳು ಕನ್ನಡಿ ನೋಡಿಕೊಂಡದ್ದನ್ನು ನಾನು ಕಂಡಿಲ್ಲ. ಅಕ್ಕನ ಕಣ್ಣಿಗೆ ಒದ್ದೆ ಬಟ್ಟೆ ಇಡುವಾಗಲೂ ಮುಖ ಆಚೆ ತಿರುಗಿಸಿಕೊಂಡೇ ಇಡುತ್ತಿದ್ದಳು. ಕೆಲವು ದಿನ ಹೀಗೇ ಕಳೆದು, ಒಂದು ಬೆಳಿಗ್ಗೆ ಅಪ್ಪನೆದುರು ಹೇಳಿಬಿಟ್ಟಳು.

“ನನ್ ರಕ್ತಾನೇ ನನ್ ತಮ್ಮುಂದೂವೆ. ನಾ ಕೊಟ್ಟಿರೋದೇ ಸಾಕು. ಒಂದೇ ರಕ್ತ ಎರಡು ಕಡೆಯಿಂದ ಸೇರ್ಕಂಡ್ರೆ ಇವಳ ಹೊಟ್ಟೇಲಿ ಹುಟ್ಟೋವು ಹೆಂಗಾದಾವು? ಈ ಮದುವೆ ಬ್ಯಾಡ.”

ಅಕ್ಕ ರಾಟೆಯ ಮುಂದಿದ್ದಳು. ಮಾವನನ್ನು ಒಂದು ಮಾತು ಕೇಳಿದಿರಾ ಎಂದಷ್ಟೇ ಅಂದಳು. ಯಾರೂ ಕೇಳಿರಲಿಲ್ಲ.

ಮಾತ್ರೆ ಹಿಡಿಯಿತು. ಕೈ ನೆಟ್ಟಗಾಯಿತು, ಮೈ ತುಂಬಿತು. ಕಣ್ಣು ಮಾತ್ರ ಹಾಗೇ ಉಳಿಯಿತು. ಕೊರಟಗೆರೆ ಕಡೆಯಿಂದ ಬಂದ ಗಂಡಿನವರು ಕಾಫಿ ಕುಡಿದು ಹೋದವರು ಮತ್ತೆ ತಲೆ ಹಾಕಲಿಲ್ಲ. ಪಾವಗಡ ಕಡೆಯವರು ನಮಗೆ ತೆಲುಗು ಬರುವುದಿಲ್ಲವೆಂದುಕೊಂಡು, ನಮ್ಮೆದುರಿಗೇ ಅದರಲ್ಲಿ ಅವಳ ಕಣ್ಣಿನ ವಿಷಯ ಮಾತಾಡಿಕೊಂಡರು. ನಮ್ಮ ಹಟ್ಟಿಯಲ್ಲಿ ತೆಲುಗು ಬಾರದವರು ಯಾರು? ಅಕ್ಕ ತಟ್ಟೆ ಹಿಡಿದುಕೊಂಡು ಕೊನೆಯವರೆಗೂ ನಿಂತಳು.

ಅತ್ತ ಅವ್ವನ ತವರಿನವರು ಮುನಿಸಿಕೊಂಡಿದ್ದರು. ಕೊಟ್ಟ ಮಾತು ತಪ್ಪಿದ್ದೀರಿ, ದೊಡ್ಡವಳನ್ನು ಕೊಡದಿದ್ದರೆ ಚಿಕ್ಕವಳನ್ನಾದರೂ ಕೊಡಿ ಎಂದು ಹೇಳಿ ಕಳಿಸಿದರು. ಅವ್ವ ನನ್ನನ್ನು ಅಂಗಳದ ಬಿಸಿಲಿಗೆ ನಿಲ್ಲಿಸಿ ಕಣ್ಣು ನೋಡಿದಳು. ಕುತ್ತಿಗೆ ಸವರಿದಳು. ಕೈ ಮುಂದಕ್ಕೆ ಚಾಚಿಸಿ ನಡುಗುತ್ತದೆಯೇ ಎಂದು ನೋಡಿದಳು. ಇವಳಿಗೆ ಅಪ್ಪನ ಕಣ್ಣು, ನಮ್ಮ ರಕ್ತ ಇವಳಿಗೆ ಬಂದಿಲ್ಲ ಎಂದು ತೀರ್ಮಾನಿಸಿದಳು. ಮುಖದಲ್ಲಿ ಕಾಣದ್ದು ಮೈಯೊಳಗೂ ಇಲ್ಲ ಎಂಬುದು ಅವಳ ಲೆಕ್ಕ. ಕುರಿಯ ಬಣ್ಣ ನೋಡಿ ಮರಿಯ ಬಣ್ಣ ಹೇಳಲಾಗದೆಂದು ರೊಪ್ಪದಲ್ಲಿ ದಿನಾ ಕಂಡವಳೇ ಈ ಲೆಕ್ಕ ಹಾಕಿದಳು. ತಾನು ಮಾಡಿದ್ದನ್ನು ಹೇಗಾದರೂ ಸರಿಮಾಡಬೇಕೆಂಬ ಆತುರ ಅವಳಿಗೆ.

ನಾನು ಬೇಡ ಅನ್ನಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ ಅನ್ನುವುದು ನಿಜ. ಕೇಳಿದ್ದರೂ ಹೂಂ ಅನ್ನುತ್ತಿದ್ದೆ ಅನ್ನುವುದೂ ನಿಜ. ಸಣ್ಣ ಕಣ್ಣಿನವಳನ್ನು ಮೊದಲ ಸಲ ಮನೆಯವರೆಲ್ಲ ತಿರುಗಿ ನೋಡಿದ್ದರು. ಮದುವೆಯ ದಿನ ನನಗೆ ಕಾಡಿಗೆ ಹಚ್ಚಿದ್ದು ಅಕ್ಕನೇ. ಕೈ ಒಂದಿಷ್ಟೂ ಅಲುಗಲಿಲ್ಲ. ಅವಳ ಮುಖ ಅಷ್ಟು ಹತ್ತಿರದಲ್ಲಿತ್ತು, ನನಗೆ ನೋಡಲಾಗಲಿಲ್ಲ. ಕಣ್ಣು ಮೇಲೆತ್ತು, ಇಲ್ಲದಿದ್ದರೆ ಕಾಡಿಗೆ ಹರಡುತ್ತದೆ ಎಂದು ಅವಳೇ ಗದ್ದ ಹಿಡಿದು ಎತ್ತಬೇಕಾಯಿತು.

ಚೊಚ್ಚಲ ಬಾಣಂತನಕ್ಕೆ ಅವ್ವನ ಮನೆಗೆ ಬಂದೆ. ಹೆಣ್ಣು ಮಗು. ಸ್ನಾನ, ಹೊಗೆ, ಪಥ್ಯ ಎಲ್ಲ ಅಕ್ಕನದೇ ಕೈ. ಅವ್ವ ದಿನಾ ಬೆಳಿಗ್ಗೆ ಮಗುವನ್ನು ಬಾಗಿಲಿಗೆ ಎತ್ತಿಕೊಂಡು ಹೋಗಿ ಬೆಳಕಿನಲ್ಲಿ ಅದರ ಕಣ್ಣು ನೋಡುತ್ತಿದ್ದಳು. ನನ್ನ ಕಣ್ಣನ್ನು ನೋಡಲಿಲ್ಲ. ಮಗು ಬೋರಲು ಬೀಳುವ ಹೊತ್ತಿಗೆ ನನಗೆ ಎದೆ ಬಡಿದುಕೊಳ್ಳತೊಡಗಿತ್ತು. ಬಾಣಂತಿಯ ನಿತ್ರಾಣ ಎಂದುಕೊಂಡೆ. ಮಧ್ಯಾಹ್ನ ನಾನು ಮಲಗಿದ್ದಾಗ ರೆಪ್ಪೆ ಅರ್ಧ ತೆರೆದೇ ಇದ್ದದ್ದನ್ನು ಕಂಡವಳು ಅಕ್ಕ.

ಆ ವಾರ ಮಾವ, ಈಗ ನನ್ನ ಗಂಡ, ಮಗುವನ್ನು ನೋಡಲು ಬಂದು ಹೊಸ್ತಿಲೊಳಗೆ ಕೂತು ಬೀಡಿ ಹಚ್ಚಿದ. ತನ್ನ ಮದುವೆಯ ಮಾತು ಮುರಿದಾಗಿನಿಂದ ಅಕ್ಕ ಅವನ ಜೊತೆ ಒಂದು ಮಾತಾಡಿರಲಿಲ್ಲ.

“ಆಚೆ ಹೋಗಿ ಸೇದು ಮಾವ,” ಅಂದಳು. “ಇವಳಿಗೂ ಬಂದೈತೆ.”

ಅವನು ಎದ್ದು ಹೋದ. ಒಳಗೆ ಅವ್ವನ ಕೈಯಿಂದ ಪಾತ್ರೆ ಬಿತ್ತು. ಅಕ್ಕ ಬಟ್ಟೆ ಒದ್ದೆ ಮಾಡಿ ನನ್ನ ಕಣ್ಣಿನ ಮೇಲಿಟ್ಟಳು. ನನಗೆ ಭಯವಾಗಬೇಕಿತ್ತು, ಆದದ್ದು ನೆಮ್ಮದಿ. ಅವಳದನ್ನು ಕಿತ್ತುಕೊಂಡವಳಿಗೆ ಶಿಕ್ಷೆಯಾಯಿತು, ಇನ್ನಾದರೂ ಅವಳ ಮುಖ ನೋಡಬಹುದು ಅನ್ನಿಸಿತು. ಬಟ್ಟೆಯ ಕೆಳಗಿನಿಂದಲೇ ಬಾಯಿಬಿಟ್ಟು ಹೇಳಿದೆ: ಇನ್ನು ನಿಂಗೂ ನಂಗೂ ಸರಿಹೋಯ್ತಲ್ಲಕ್ಕ.

ಅವಳು ಬಟ್ಟೆ ತೆಗೆದು, ಮತ್ತೆ ಅದ್ದಿ, ಹಿಂಡಿ, ಇನ್ನೊಂದು ಕಣ್ಣಿಗೆ ಇಟ್ಟಳು.

“ನಂಗೆ ಬೇಕಾಗಿದ್ದು ಮಾವನ ಮನೆ ಕಣೆ,” ಅಂದಳು. “ನಿನ್ ಕಣ್ಣು ಹಿಂಗಾಗ್ಲಿ ಅಂತ ನಾ ಯಾವತ್ತು ಕೇಳಿದ್ದೆ?”