ಎಲ್ಲರಿಗೂ ಕೊಡದ ಅರಿಶಿನ

ಸಾಂಗ್ಲಿಯ ಪೇಟೆಯಲ್ಲಿ ನಮ್ಮ ಕಾಕಾನದು ಅರಿಶಿನದ ಅಂಗಡಿ. ಮೊಬೈಲಿನಲ್ಲಿ ಅದರ ಪ್ರಚಾರ ಮಾಡುವ ಕೆಲಸ ನನಗೆ ಬಂತು. ಸುಮ್ಮನೆ 'ಒಳ್ಳೆಯ ಅರಿಶಿನ ಸಿಗುತ್ತದೆ' ಎಂದು ಬರೆದಾಗ ಲೈಕ್ ಒತ್ತಿದವರು ಮನೆಯವರಷ್ಟೇ. ಆಮೇಲೆ ಮಿರಜಿನಲ್ಲಿ ಜಾಹೀರಾತು ಬರೆಯಲು ಕಲಿಸುವ ಒಂದು ಕ್ಲಾಸಿಗೆ ಸೇರಿದೆ. ಮೊದಲ ಸಾಲಿನಲ್ಲಿ ಏನನ್ನಾದರೂ ಮುಚ್ಚಿಡಬೇಕು, ಇದು ಕೆಲವರಿಗೆ ಮಾತ್ರ ಅನ್ನಿಸಬೇಕು ಎಂದು ಅಲ್ಲಿ ಹೇಳಿಕೊಟ್ಟರು.

ಮರಾಠಿಯಲ್ಲಿ ಬರೆದೆ: 'ಈ ಅರಿಶಿನ ನಾವು ಎಲ್ಲರಿಗೂ ಕೊಡುವುದಿಲ್ಲ. ಯಾಕೆ ಗೊತ್ತೇ?'

ಮೂರನೆಯ ದಿನ ಮಿರಜಿನಾಚೆಯ ಸಲಗರೆ ಹಳ್ಳಿಯ ಅಜ್ಜಿ ಬಂದರು. ಕುರಿ ಸಾಕುವ ಮನೆತನ. ಅವರ ಮನೆಯ ಮದುವೆಗಳಿಗೆಲ್ಲ ನಮ್ಮದೇ ಅರಿಶಿನ. ಅಂದು ಮಾತ್ರ ಮೆಟ್ಟಿಲು ಹತ್ತದೆ ಕೆಳಗೇ ನಿಂತರು.

"ಬರ್ರಿ ಅಜ್ಜಿ, ಕುಂದ್ರಿ," ಎಂದೆ.

"ನಮಗ ಕೊಡ್ತೀರೋ ಇಲ್ಲೋ, ಮೊದಲ ಹೇಳವಾ. ಎಲ್ಲಾರಿಗೂ ಕೊಡಂಗಿಲ್ಲಂತ ಬರದೀರಂತ. ಸೊಸಿ ಓದಿದ್ಲು. ಮಿರಜದಾಗ ತಗೊಳ್ಳೂಣು ಅಂದ್ಲು. ನಾನು, ಒಂದ ಮಾತು ಕೇಳೇ ನೋಡೂಣು ಅಂತ ಬಂದೇನಿ."

"ಮಂದಿ ಓದಲಿ ಅಂತ ಹಂಗ ಬರದೇನಿ ಅಜ್ಜಿ. ಹೊಸಾ ಅರಿಶಿನ ಸ್ವಲ್ಪೇ ಬೀಸೇವಿ, ಮೊದಲ ಕೇಳಿದವರಿಗೆ ಕೊಡ್ತೇವಿ ಅಂತ ಕೆಳಗ ಐತಿ."

"ಹಂಗಿದ್ರ ಅದನ್ನ ಮ್ಯಾಲ ಬರೀಬೇಕಿಲ್ಲ?"

ಕಾಕಾ ಇಳಿದು ಬಂದು ಕೈಹಿಡಿದು ಅವರನ್ನು ಒಳಗೆ ಕರೆದೊಯ್ದ, ಚಹಾ ತರಿಸಿದ, ಮೊಮ್ಮಗಳ ಮದುವೆಗೆ ಬೇಕಾದಷ್ಟು ಅರಿಶಿನ ಕಟ್ಟಿಸಿಕೊಟ್ಟ. ಅಜ್ಜಿ ಹೋದ ಮೇಲೆ, "ಅದನ್ನ ಅಳಸಿಬಿಡು," ಎಂದ. ಅಷ್ಟರಲ್ಲಿ ಫೋನು ಬಂತು. ಪುಣೆಯ ಯಾರೋ ಆ ಸಾಲು ಓದಿ, ತಮಗೂ ಸಿಗುತ್ತದೆಯೇ ಎಂದು ಕೇಳುತ್ತಿದ್ದರು. ಕಾಕಾ ಫೋನಿಟ್ಟು ನನ್ನ ಮುಖ ನೋಡಿದ. "ನಾಳೆ ಅಳಸಿದ್ರೂ ನಡೀತದ," ಎಂದ.

ನಾನು ಅಂದೇ ಅಳಿಸಿದೆ. ಬದಲಿಗೆ, 'ಮಿರಜಿನ ಪೇಟೆ ದಾಟಿ ಸಲಗರೆಯ ಅಜ್ಜಿಯೊಬ್ಬರು ನಮ್ಮಲ್ಲಿಗೇ ಬಂದರು. ಬಂದು ಕೇಳಿದ್ದೇನು ಗೊತ್ತೇ?' ಎಂದು ಬರೆದು, ಕೆಳಗೆ ನಡೆದದ್ದನ್ನು ಹೇಳಿದೆ. ಅದನ್ನು ಇನ್ನೂ ಹೆಚ್ಚು ಜನ ಓದಿದರು. ನನಗೆ ಖುಷಿಯಾಯಿತು. ಸಂಜೆಯ ಹೊತ್ತಿಗೆ ಕಸಿವಿಸಿಯೂ ಶುರುವಾಯಿತು. ಅವರನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿದ್ದು ನನ್ನ ಸಾಲು. ಈಗ ಅವರು ನಿಂತದ್ದನ್ನೇ ಮಾರುತ್ತಿದ್ದೇನೆಯೇ?

ಆಮಂತ್ರಣ ಬಂತೆಂದು ಅಜ್ಜಿಯ ಮೊಮ್ಮಗಳ ಮದುವೆಗೆ ಹೋದೆ. ಊಟಕ್ಕೆ ಬಡಿಸುತ್ತಿದ್ದ ಅಜ್ಜಿಯ ಸೊಸೆ ನನ್ನೆದುರು ನಿಂತು, "ನಮ್ಮ ಅತ್ತಿ ಬಗ್ಗೆ ಬರದೀರಲ್ಲ, ಪೂರಾ ಓದಿದೆ," ಎಂದಳು. ಮೆಚ್ಚಿ ಹೇಳಿದಳೋ ಚುಚ್ಚಿ ಹೇಳಿದಳೋ ತಿಳಿಯುವ ಮೊದಲೇ ಮುಂದಿನ ಎಲೆಗೆ ಹೋಗಿದ್ದಳು.