ರೂತ್ ಎರಡು ಸಲ ಹಾಡಿದ ಹಾಡು

ಕಾಯಿಲೆಯವರನ್ನು ನೋಡಲು ಹೋಗುವಾಗ ಹಾಕಿಕೊಳ್ಳುವುದಕ್ಕೆಂದೇ ನಮ್ಮ ಜನರ ಹತ್ತಿರ ಒಂದು ಮುಖವಿದೆ. ಹುಬ್ಬು ಸ್ವಲ್ಪ ಮೇಲೆ, ತುಟಿ ಸ್ವಲ್ಪ ಕೆಳಗೆ, ಕೈಯಲ್ಲಿ ಅರ್ಧ ಡಜನ್ ಕಿತ್ತಳೆ. ಮಂಚದ ಪಕ್ಕ ಕೂತು, "ಪರವಾಗಿಲ್ಲ, ಮುಖದಲ್ಲಿ ಕಳೆ ಬಂದಿದೆ" ಎನ್ನಬೇಕು. ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುವಾಗ, "ಇನ್ನು ಜಾಸ್ತಿ ದಿನ ಇಲ್ಲ" ಎನ್ನಬೇಕು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಈ ಪಾಠವಾದರೂ ಪೂರ್ತಿ ಬರುತ್ತದೆ ಎಂದುಕೊಂಡಿದ್ದೆ. ಅಮೆರಿಕದ ಸಮಾಮಿಶ್‌ಗೆ, ಮಗಳ ಮನೆಗೆ ಬಂದ ಮೇಲೆ ಅದರಲ್ಲೂ ಫೇಲಾದೆ.

ಮೊಮ್ಮಗಳು ಅನಿಕಾಗೆ ಪಿಟೀಲು ಕಲಿಸುವ ವಾಲ್ಟ್ ಮೇಷ್ಟ್ರು ಶನಿವಾರ ಮಧ್ಯಾಹ್ನ ಹತ್ತಿರದೂರು ಕರ್ಕ್‌ಲ್ಯಾಂಡಿನ ಒಂದು ಕಾಫಿ ಅಂಗಡಿಯಲ್ಲಿ ಮೇಳ ಕಟ್ಟಿಕೊಂಡು ಬ್ಲೂಗ್ರಾಸ್ ನುಡಿಸುತ್ತಿದ್ದರು. ಈ ದೇಶದ ಗುಡ್ಡಗಾಡಿನ ಹಾಡಂತೆ ಅದು. ಪಿಟೀಲು, ಬ್ಯಾಂಜೊ, ಗಿಟಾರು. ಐದು ಜನಕ್ಕೆ ಒಂದೇ ಮೈಕು. ಸರದಿ ಬಂದವರು ಮುಂದೆ ಬರುತ್ತಾರೆ, ಮುಗಿದ ತಕ್ಷಣ ಹಿಂದೆ ಸರಿಯುತ್ತಾರೆ. ನಮ್ಮ ಭಜನಾ ಮಂಡಳಿಯಲ್ಲಾದರೆ ಮೈಕು ಹಿಡಿದವರ ಕೈಯಿಂದ ಅದನ್ನು ಬಿಡಿಸಲು ಇಬ್ಬರು ಬೇಕು. ಅನಿಕಾ ಹೇಳುವ ಪ್ರಕಾರ, ಅರ್ಧ ಹಾಡುಗಳಲ್ಲಿ ಯಾರೋ ಸಾಯುತ್ತಾರೆ, ಇನ್ನರ್ಧದಲ್ಲಿ ಯಾರೋ ರೈಲು ಹತ್ತಿ ಹೋಗಿಬಿಡುತ್ತಾರೆ. ತಾಳ ಮಾತ್ರ ಮದುವೆ ದಿಬ್ಬಣದ್ದು.

ಹಾಡುತ್ತಿದ್ದವಳು ರೂತ್. ಅರವತ್ತು ದಾಟಿದವಳು, ಶಾಲೆಯ ಬಸ್ಸು ಓಡಿಸಿ ರಿಟೈರಾದವಳು. ಮಾಳಿಗೆ ಮೇಲೆ ನಿಂತು ದೂರದ ಹೊಲದಲ್ಲಿರುವವರನ್ನು ಊಟಕ್ಕೆ ಕರೆದ ಹಾಗೆ ಅವಳ ಗಂಟಲು. ಒಂದು ಶನಿವಾರ, ಕಾಫಿಗೆ ಸಕ್ಕರೆ ಸಾಲದು ಎನ್ನುವ ದನಿಯಲ್ಲಿ, ತನಗೆ ಹೊಟ್ಟೆಯ ಕ್ಯಾನ್ಸರ್, ಡಾಕ್ಟರು ಕೈಚೆಲ್ಲಿದ್ದಾರೆ, ಎಷ್ಟು ಶನಿವಾರ ಸಿಗುತ್ತದೋ ಅಷ್ಟೂ ಬರುತ್ತೇನೆ ಎಂದು ಮೈಕಿನಲ್ಲೇ ಹೇಳಿದಳು. ಅನಿಕಾ ಅದರ ಅರ್ಥ ಹೇಳಿದಾಗ ನಾನು ಬೆಚ್ಚಿಬಿದ್ದೆ. ಇದೇ ಕಾಯಿಲೆ ಬಂದಿದ್ದ ನಮ್ಮ ಯಜಮಾನರಿಗೆ ನಾವು ಕೊನೆಯವರೆಗೂ "ಅಲ್ಸರ್" ಎಂದೇ ಹೇಳಿದ್ದೆವು. ಅವರಿಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ನಟಿಸುವ ಕೆಲಸವನ್ನೂ ಆ ನೋವಿನ ಜೊತೆಗೆ ಅವರ ತಲೆಗೇ ಕಟ್ಟಿದ್ದೆವು.

ಮುಂದಿನ ವಾರ ಕಿತ್ತಳೆ ಹಿಡಿದು, ಆ ಮುಖ ಹಾಕಿಕೊಂಡು, ರೂತಳ ಮುಂದೆ ಕೂತೆ.

"ಹಾಡಿದ್ದು ಸಾಕು, ಮನೇಲಿ ಮಲ್ಕೊಂಡಿರು ತಾಯಿ ಅಂತ ಹೇಳೇ" ಎಂದು ಅನಿಕಾಗೆ ಹೇಳಿದೆ.

ಅನಿಕಾ ಮನೆಯಲ್ಲಿ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಅವತ್ತು ಪಾಪ, ಕನ್ನಡವನ್ನು ಹೆಕ್ಕಿ ಹೆಕ್ಕಿ ರೂತಳ ಮಾತು ಹೇಳಿದಳು. "ಅಜ್ಜಿ, ಮನೇಲಿ ಎಲ್ರೂ ಮಾತ್ರೆ ತಗೊಂಡ್ಯಾ ಅಂತ ಮಾತ್ರ ಕೇಳ್ತಾರಂತೆ. ಇಲ್ಲಿ ಮೊದ್ಲು ತಪ್ಪು ಹಾಡಿದ್ರೆ ಮೇಷ್ಟ್ರು ಬೈತಿದ್ರಂತೆ. ಈಗ ಏನ್ ಹಾಡಿದ್ರೂ ಬ್ಯೂಟಿಫುಲ್ ಅಂತಾರೆ. ಸೋ, ತಾನು ಇನ್ನೂ ಚೆನ್ನಾಗಿ ಹಾಡ್ತಿದೀನಾ ಇಲ್ವಾ ಅಂತ ಗೊತ್ತೇ ಆಗ್ತಿಲ್ವಂತೆ. ಕೆಟ್ಟದಾಗಿ ಹಾಡೋ ಹಾಗಿದ್ರೆ ತಾನೇ ಸ್ಟಾಪ್ ಮಾಡ್ತಾಳಂತೆ."

ಬರಬರುತ್ತ ರೂತ್‌ಗೆ ನಿಲ್ಲಲಾಗಲಿಲ್ಲ. ಮೈಕಿನ ಮುಂದೆ ಎತ್ತರದ ಸ್ಟೂಲು ಹಾಕಿದರು. ಅವಳು ಕೂತೇ ಇರುತ್ತಿದ್ದಳು, ಮಿಕ್ಕವರು ಅವಳನ್ನು ಬಳಸಿಕೊಂಡು ಹಿಂದೆ ಮುಂದೆ ಓಡಾಡುತ್ತಿದ್ದರು. ಒಂದು ಶನಿವಾರ ಎರಡನೇ ಹಾಡಿನಲ್ಲಿ ಮೇಲಿನ ಸ್ವರಕ್ಕೆ ಹೋದವಳು ಉಸಿರು ಸಾಲದೆ ಸಾಲನ್ನೇ ನುಂಗಿಬಿಟ್ಟಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಕಣ್ಣೊರೆಸಿಕೊಂಡು "ಬ್ಯೂಟಿಫುಲ್" ಎಂದರು. ರೂತ್ ಅವರನ್ನು ಬಿಟ್ಟು ನನ್ನ ಕಡೆ ನೋಡಿ, ಹೇಗಿತ್ತು ಎಂದು ಕೈ ತಿರುಗಿಸಿದಳು.

"ಎರಡನೇದು ಚೆನ್ನಾಗಿರ್ಲಿಲ್ಲ, ಸಾಲು ನುಂಗಿದ್ಲು ಅಂತ ಹೇಳು."

"ಅಜ್ಜಿ! ಹೇಗ್ ಹೇಳ್ಲಿ? ಶಿ ಈಸ್ ಡೈಯಿಂಗ್!"

"ಸಾಯ್ತಿರೋದು ಅವಳಿಗೇ ಗೊತ್ತು ಕಣೇ. ಹಾಡು ಕೆಟ್ಟಿದ್ದನ್ನ ಯಾರೂ ಹೇಳಿಲ್ಲ. ಹೇಳು."

ಅನಿಕಾ ಕೆಂಪಗಾಗಿ ನೆಲ ನೋಡುತ್ತ ಹೇಳಿದಳು. ಅಂಗಡಿಯವರೆಲ್ಲ ನನ್ನನ್ನು ರಾಕ್ಷಸಿಯ ಹಾಗೆ ನೋಡಿದರು. ರೂತ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮೇಷ್ಟ್ರ ಕಡೆ ತಿರುಗಿ ಜಗಳಕ್ಕೇ ಇಳಿದಳು. ಮೇಷ್ಟ್ರಿಗೂ ತಡೆಯಲಿಲ್ಲ. ಮೂರು ವಾರದಿಂದ ಅದೇ ಜಾಗದಲ್ಲಿ ಕೆಡುತ್ತಿದೆ, ಶ್ರುತಿ ಇಳಿಸು ಎಂದಿದ್ದರೆ ನೀನೆಲ್ಲಿ ಕೇಳುತ್ತಿದ್ದೆ ಎಂದು ಕೂಗಾಡಿದರಂತೆ. ಕೊನೆಗೆ ಶ್ರುತಿ ಇಳಿಸಿ ಅದೇ ಹಾಡನ್ನು ಮತ್ತೆ ಹಾಡಿದರು. ಈ ಸಲ ಸಾಲು ಪೂರ್ತಿ ಬಂತು. ನಾನು ತಲೆಯಾಡಿಸಿದೆ. ಅದಕ್ಕಿಂತ ಹೆಚ್ಚು ಹೊಗಳುವಷ್ಟೇನೂ ಇರಲಿಲ್ಲ.

ಅವಳಿಗೆ ಇನ್ನೆರಡೇ ಶನಿವಾರ ಸಿಕ್ಕಿದವು. ಎರಡರಲ್ಲೂ ಹಾಡಿದಳು. ಕೊನೆಯ ಶನಿವಾರ ತಾಳ ತಪ್ಪಿತೆಂದು ಮೇಷ್ಟ್ರು ಎಲ್ಲರ ಮುಂದೆ ಅವಳನ್ನು ಬೈದರು.

ಅವಳನ್ನು ಮಣ್ಣು ಮಾಡಿದ ದಿನ ಮೇಷ್ಟ್ರು ನನ್ನ ಹತ್ತಿರ ಬಂದು, ಅವತ್ತು ತಾಳ ತಪ್ಪಿದ್ದು ತಾನು, ಅವಳಲ್ಲ ಎಂದು ಅನಿಕಾಳ ಕೈಲಿ ಹೇಳಿಸಿ ಅತ್ತರು.

"ನನಗೂ ಕೇಳಿಸ್ತು, ಅವಳಿಗೂ ಕೇಳಿಸಿರತ್ತೆ ಅಂತ ಹೇಳು" ಎಂದೆ.

ಕೇಳಿಸದೆ ಏನು? ಆದರೂ ಅವತ್ತು ರೂತ್ ತಪ್ಪು ನಿನ್ನದು ಎನ್ನಲಿಲ್ಲ. ಹೊಸ ಸೀರೆ ಉಟ್ಟವಳ ಹಾಗೆ ನೆಟ್ಟಗೆ ಕೂತು, ಆ ಬೈಗುಳವನ್ನು ಪೂರ್ತಿ ಬೈಸಿಕೊಂಡಳು.