ಒಂದು ಕಿವಿಯ ಓಲೆ

ಗಂಡನಿಂದ ಬೇರೆಯಾದ ಮೇಲೆ ಮಗಳನ್ನು ಕರೆದುಕೊಂಡು ಅವನ ಊರು ಬೋಡಿನಾಯಕನೂರು ಬಿಟ್ಟೆ. ದಿಂಡಿಗಲ್ಲಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಕೋರ್ಟು ಒಪ್ಪಿತು, ಆದರೆ ಪ್ರತಿ ಭಾನುವಾರ ಮಗುವನ್ನು ಬೋಡಿಗೆ ತಂದು ಅಪ್ಪನಿಗೆ ಒಪ್ಪಿಸಬೇಕು, ಸಂಜೆ ವಾಪಸು ಕರೆದೊಯ್ಯಬೇಕು. ಇದು ತಪ್ಪಿದರೆ ಮಗು ಕೈಬಿಟ್ಟು ಹೋಗುತ್ತದೆ ಎಂದು ವಕೀಲರು ಹೆದರಿಸಿದ್ದರು. ಹಲ್ಲು ಕಚ್ಚಿಕೊಂಡು ಬಸ್ಸು ಹತ್ತುತ್ತಿದ್ದೆ.

ಆ ಭಾನುವಾರ ಅವಳನ್ನು ಬಿಟ್ಟು ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದೆ. ಅಲ್ಲಿ ಹೂ ಮಾರುವವಳು, ಆ ತಮಿಳು ಸೀಮೆಯಲ್ಲೂ ಮನೆಯಲ್ಲಿ ಕನ್ನಡ ಆಡುವ ನಮ್ಮ ಜನದವಳೇ.

"ಏನಕ್ಕಾ, ಮಗಳಿಗೆ ಕಿವಿ ಚುಚ್ಚೋ ದಿನ ಇಲ್ಲಿ ಕೂತಿದ್ದೀಯಲ್ಲ? ನಿನ್ ಗಂಡನ ಮನೆಯೋರು ಈಗ್ತಾನೆ ಗುಡಿಗೆ ಅಂತ ಮಾಲೆ ತಕೊಂಡೋದ್ರು," ಅಂದಳು.

ನಮ್ಮಲ್ಲಿ ಮಗುವಿನ ಕಿವಿ ಚುಚ್ಚುವುದು ತಾಯಿಯ ಅಣ್ಣನ ಮಡಿಲಲ್ಲಿ. ಅವನಿಲ್ಲದೆ ಸೂಜಿ ಎತ್ತಿದರೆ ತವರಿನವರೆಲ್ಲ ಸತ್ತರು ಎಂದು ಸಾರಿದ ಹಾಗೆ. ಮೈಯೆಲ್ಲ ಉರಿದುಹೋಯಿತು. ಮಂಡಿಗೆ ದ್ರಾಕ್ಷಿ ಹಾಕಲು ಹತ್ತಿರದ ತೇನಿಗೆ ಬಂದಿದ್ದ ಅಣ್ಣನಿಗೆ ಫೋನು ಮಾಡಿದೆ. ಬೈಕಿನಲ್ಲಿ ಬಂದವನ ಹಿಂದೆ ಕೂತು ಗಂಡನ ಮನೆದೇವರ ಗುಡಿಗೆ ಹೋದೆ.

ಮಗಳನ್ನು ನಾದಿನಿಯ ಗಂಡನ ತೊಡೆಯ ಮೇಲೆ ಕೂರಿಸಿದ್ದರು. ಬಲಗಿವಿ ಚುಚ್ಚಿ ಓಲೆ ಹಾಕಿ ಆಗಿತ್ತು. ರೇಷ್ಮೆ ಲಂಗದ ಮೇಲೆ ರಕ್ತದ ಹನಿ ಬಿದ್ದಿತ್ತು.

"ಕೂಸನ್ನ ಇಳ್ಸು. ಮಡಿಲು ನಂದು," ಎಂದ ಅಣ್ಣ.

"ಕೋರ್ಟು ಕೊಟ್ಟ ದಿನ. ಇವತ್ತು ನಂದು. ಹೋಗೋ, ಪೋಡಾ," ಎಂದ ನನ್ನ ಗಂಡ.

ಅಣ್ಣ ಅವನ ಕೊರಳಪಟ್ಟಿ ಹಿಡಿದು ಗುಡಿಯ ಕಟ್ಟೆಗೆ ಅಪ್ಪಳಿಸಿದ. ನಾದಿನಿಯ ಗಂಡ ಮಗುವನ್ನು ದೂಡಿ ಎದ್ದು, ಪೊಂಗಲ್ ಒಲೆಯ ಸೌದೆ ಎಳೆದು ಬೀಸಿದ. ಅಣ್ಣನ ಹುಬ್ಬು ಸೀಳಿತು. ನಾನು ಪೂಜೆಯ ತೆಂಗಿನಕಾಯಿ ಎತ್ತಿ ಗಂಡನ ತಲೆಗೆ ಗುರಿಯಿಟ್ಟೆ. ಭುಜಕ್ಕೆ ಬಿತ್ತು, ಗುರಿ ತಪ್ಪಿದ್ದಕ್ಕೂ ನನಗೆ ಸಿಟ್ಟು ಬಂತು. ಅವನು ನನ್ನ ಜಡೆಯನ್ನು ಕೈಗೆ ಸುತ್ತಿ ಎಳೆದು ಕೆನ್ನೆಗೆ ಬಾರಿಸಿದ. ಅವನ ಮುಂಗೈಗೆ ಬಾಯಿ ಹಾಕಿದವಳು ಉಪ್ಪುಪ್ಪು ರಕ್ತ ನಾಲಿಗೆಗೆ ತಾಗುವವರೆಗೂ ಬಿಡಲಿಲ್ಲ. ಅಕ್ಕಸಾಲಿಗ ಸೂಜಿ ಹಿಡಿದುಕೊಂಡೇ ಓಡಿದ. ಬಿಡಿಸಲು ಬಂದವರೂ ಏಟು ತಿಂದರು. ಕೊನೆಗೆ ನೋಡಿದರೆ ಮಗಳು ಹೊಂಗೆ ಮರದ ಬುಡದಲ್ಲಿ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು.

ಇಬ್ಬರೂ ಕೋರ್ಟಿಗೆ ಓಡಿದೆವು. ಮಗು ಬೋಡಿಗೇ ಬರಲಿ ಎಂದು ಅವನು, ಭಾನುವಾರವೇ ಬೇಡ ಎಂದು ನಾನು. ನ್ಯಾಯಾಧೀಶರು ಇಬ್ಬರಿಗೂ ಚೆನ್ನಾಗಿ ಉಗಿದರು. ಮಗು ನನ್ನ ಹತ್ತಿರವೇ ಉಳಿಯಿತು. ಇನ್ನು ಮೇಲೆ ಭೇಟಿ ಕೋರ್ಟಿನ ಕೋಣೆಯಲ್ಲಿ, ಅಲ್ಲಿನ ಆಯಾಳ ಎದುರಿಗೆ.

ಮೊದಲ ಭೇಟಿಗೆ ಅವನು ಉಳಿದಿದ್ದ ಇನ್ನೊಂದು ಓಲೆ ತಂದಿದ್ದ. ಮುಂಗೈ ಮೇಲೆ ನನ್ನ ಹಲ್ಲಿನ ಗುರುತು ಇನ್ನೂ ಇತ್ತು.

"ಎಡಗಿವೀನೂ ಚುಚ್ಸಿಬಿಡಾಣ. ನಿಮ್ಮಣ್ಣನ ಮಡಿಲಲ್ಲೇ ಆಗ್ಲಿ," ಎಂದ, ನೆಲ ನೋಡುತ್ತ.

ನಾನೂ ತಲೆಯಾಡಿಸಿದೆ. ಎಷ್ಟೋ ತಿಂಗಳ ಮೇಲೆ ನಾವಿಬ್ಬರೂ ಒಂದು ಮಾತಿಗೆ ಒಪ್ಪಿದ್ದೆವು.

ಮಗಳು ಎದ್ದು ಗೋಡೆಗೆ ಒರಗಿ ನಿಂತಳು. ಎಡಗಿವಿಯನ್ನು ಅಂಗೈಯಲ್ಲಿ ಗಟ್ಟಿಯಾಗಿ ಮುಚ್ಚಿಕೊಂಡಳು.

"ಬ್ಯಾಡ. ಈ ಕಿವಿ ನಂದು," ಎಂದಳು.